ಹೊಟ್ಟೆಯೊಳಗಿನ ಮಗುವಿಗೆ ರಕ್ತ ಕೊಟ್ಟ ಮೇಲೆ ತಾಯಿಯಲ್ಲಿ ಹೊಸ ಆಂಟಿಬಾಡಿ: ಎಷ್ಟು ಹೆದರಬೇಕು?

ಪ್ರಶ್ನೆ: ನನಗೆ 29 ವರ್ಷ, ಇದು ಎರಡನೇ ಬಸಿರು. ನನ್ನದು ಎ ನೆಗೆಟಿವ್, ಗಂಡನದು ಓ ಪಾಸಿಟಿವ್. ಮೊದಲ ಹೆರಿಗೆ ಆದಾಗ ಆಂಟಿ-ಡಿ ಇಂಜೆಕ್ಷನ್ ಹಾಕಿಸಿರಲಿಲ್ಲ, ಅದರ ಬಗ್ಗೆ ನಮಗೆ ಆಗ ಯಾರೂ ಹೇಳಲಿಲ್ಲ. ಈ ಸಲ ಹೊಟ್ಟೆಯಲ್ಲಿರುವ ಮಗುವಿಗೆ ರಕ್ತ ಕಡಿಮೆಯಾಗಿದೆ ಎಂದು 25, 27 ಮತ್ತು 30ನೇ ವಾರದಲ್ಲಿ ಹೊಕ್ಕುಳಬಳ್ಳಿಗೆ ಸೂಜಿ ಹಾಕಿ ಮೂರು ಸಲ ರಕ್ತ ಕೊಟ್ಟರು. ಈಗ 33ನೇ ವಾರ. ನಾಲ್ಕನೇ ಸಲ ಕೊಡುವ ಮುಂಚೆ ನನ್ನ ರಕ್ತ ಪರೀಕ್ಷೆ ಮಾಡಿದಾಗ, ಮೊದಲಿದ್ದ ಆಂಟಿ-ಡಿ ಜೊತೆಗೆ ಆಂಟಿ-ದೊಡ್ಡ ಸಿ, ಆಂಟಿ-ಜೆಕೆಎ ಅಂತ ಇನ್ನೆರಡು ಹೊಸದಾಗಿ ಕಂಡಿವೆ. "ಹೊಂದುವ ರಕ್ತ ಹುಡುಕಬೇಕು, ಎರಡು ದಿನ ಕಾಯಿರಿ" ಎಂದಿದ್ದಾರೆ. "ಯಾರ್ಯಾರದೋ ರಕ್ತ ಹಾಕಿಸಿ ಇವಳ ರಕ್ತವೇ ಕೆಟ್ಟಿತು" ಅಂತ ಅತ್ತೆ ಹೇಳುತ್ತಿದ್ದಾರೆ. ಗಂಡ ತಾನೇ ರಕ್ತ ಕೊಡುತ್ತೇನೆ ಅಂತಿದ್ದಾರೆ. ನಾಲ್ಕನೇ ಸಲ ಮಾಡಿಸಬೇಕಾ, ಇಲ್ಲಿಗೆ ಸಾಕು ಅಂತ ಹೆರಿಗೆ ಮಾಡಿಸಿಬಿಡಬೇಕಾ? ಹೊಸ ಆಂಟಿಬಾಡಿ ಮಗುವಿಗೆ ಏನು ಮಾಡುತ್ತದೆ? ಮುಂದೆ ನನಗೇ ರಕ್ತ ಬೇಕಾದರೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಎಲ್ಲದರ ಬುಡದಲ್ಲಿರುವ ಭಯ ಮಾತ್ರ ಒಂದೇ: ಮಗುವನ್ನು ಉಳಿಸಲು ಮಾಡಿದ ಕೆಲಸವೇ ಮಗುವಿಗೆ ಮುಳುವಾಯಿತೇ? ಇಲ್ಲ, ಆಗಿಲ್ಲ. ಆ ಮೂರು ಸಲ ರಕ್ತ ಕೊಡದೇ ಇದ್ದಿದ್ದರೆ ನಿಮ್ಮ ಮಗು 33ನೇ ವಾರ ಮುಟ್ಟುವುದೇ ಕಷ್ಟವಿತ್ತು.

ಹೊಸ ಆಂಟಿಬಾಡಿ ಬಂದಿರುವುದು ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ರಿಪೋರ್ಟಿನಲ್ಲಿ ಹೆಸರುಗಳು ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ ಅಂತ ಅರ್ಥವಲ್ಲ. ನಾನು ಇಂಥ ರಿಪೋರ್ಟ್ ಕೈಗೆ ಬಂದಾಗ ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳುತ್ತೇನೆ: ಈ ಆಂಟಿಬಾಡಿ ಹುಡುಕುವ ಗುರುತು ಯಾರ ರಕ್ತಕಣದ ಮೇಲಿದೆ? ಮಗುವಿನದೋ, ದಾನಿಯದೋ, ಅಪ್ಪನದೋ? ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಸಿಗುತ್ತದೆ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಕೆಂಪು ರಕ್ತಕಣದ ಮೈಮೇಲೆ ಮುನ್ನೂರಕ್ಕೂ ಹೆಚ್ಚು ಬಗೆಯ ಗುರುತುಗಳು ಇರಬಹುದು. ಎ ಮತ್ತು ಬಿ ನಮಗೆಲ್ಲ ಗೊತ್ತು. ಪಾಸಿಟಿವ್, ನೆಗೆಟಿವ್ ಅನ್ನುವುದು ಡಿ ಎಂಬ ಒಂದು ಗುರುತಿನ ಮಾತು. ಡಿ ಪಕ್ಕದಲ್ಲೇ ದೊಡ್ಡ ಸಿ, ಚಿಕ್ಕ ಸಿ, ದೊಡ್ಡ ಇ, ಚಿಕ್ಕ ಇ ಇವೆ. ಕೆಲ್, ಡಫಿ, ಕಿಡ್ ಅಂತ ಬೇರೆ ಮನೆತನಗಳೂ ಇವೆ. ನಿಮ್ಮ ರಿಪೋರ್ಟಿನ ಜೆಕೆಎ ಈ ಕಿಡ್ ಮನೆತನದ್ದು.

ನಮ್ಮಲ್ಲಿಲ್ಲದ ಗುರುತು ಹೊತ್ತ ಕಣ ಮೈಯೊಳಗೆ ಬಂದರೆ, ಕೆಲವರ ದೇಹ ಅದನ್ನು ಹೊರಗಿನದು ಎಂದು ಹಿಡಿದು ಆಂಟಿಬಾಡಿ, ಅಂದರೆ ಪ್ರತಿಕಾಯ, ತಯಾರಿಸುತ್ತದೆ. ಡಿ ಗುರುತನ್ನು ಹಿಡಿಯುವ ಆಂಟಿಬಾಡಿಗೆ ಆಂಟಿ-ಡಿ ಎಂದು ಹೆಸರು, ಉಳಿದವೂ ಹಾಗೇ. ಅದರಲ್ಲಿ ಐಜಿಜಿ ಎಂಬ ಜಾತಿಯದು ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಹೋಗಬೇಕಾದದ್ದೇ ಸರಿ. ಹುಟ್ಟಿದ ಮಗುವನ್ನು ಮೊದಲ ತಿಂಗಳುಗಳಲ್ಲಿ ಸೋಂಕಿನಿಂದ ಕಾಯುವುದೂ ಇದೇ ಐಜಿಜಿ. ಆದರೆ ಮಗುವಿನ ರಕ್ತಕಣಕ್ಕೇ ಅಂಟಿಕೊಳ್ಳುವಂಥದ್ದು ದಾಟಿದರೆ ಕಣಗಳು ಒಡೆಯುತ್ತವೆ, ಮಗು ಬಿಳಿಚಿಕೊಳ್ಳುತ್ತದೆ, ಮಿತಿ ಮೀರಿದರೆ ಮೈಯಲ್ಲೆಲ್ಲ ನೀರು ತುಂಬುತ್ತದೆ.

ಅಂಥ ಮಗುವಿಗೆ ಹುಟ್ಟುವ ಮೊದಲೇ ರಕ್ತ ಕೊಡಬಹುದು ಎಂದು ಮೊದಲು ತೋರಿಸಿದವರು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದ ವೈದ್ಯ ವಿಲಿಯಂ ಲೈಲಿ, 1963ರಲ್ಲಿ. ಅವರು ಮಗುವಿನ ಹೊಟ್ಟೆಯ ಪೊರೆಯೊಳಗೆ ರಕ್ತ ಬಿಟ್ಟರು. 1980ರ ದಶಕದಲ್ಲಿ ಸ್ಕ್ಯಾನಿಂಗ್ ನೋಡಿಕೊಂಡು ನೇರವಾಗಿ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಸೂಜಿ ಹಾಕುವುದು ಬಂತು. ನಿಮಗೆ ಮಾಡಿದ್ದು ಇದೇ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ರಕ್ತ ಕೆಟ್ಟಿಲ್ಲ. ನಿಮ್ಮ ರಕ್ತಕಣ ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ನಿಮ್ಮ ದೇಹ ಹೊರಗಿನದನ್ನು ಚೆನ್ನಾಗಿ ಗುರುತಿಸುತ್ತದೆ ಅಷ್ಟೇ. ಒಮ್ಮೆ ಡಿ ಗುರುತಿಗೆ ಆಂಟಿಬಾಡಿ ತಯಾರಿಸಿದವರ ದೇಹ ಬೇರೆ ಗುರುತುಗಳಿಗೂ ಬೇಗ ತಯಾರಿಸುತ್ತದೆ. ಇದು ಊಟದಿಂದ ಬಂದದ್ದಲ್ಲ, ಓಡಾಟದಿಂದ ಬಂದದ್ದಲ್ಲ, ನೀವು ಮಾಡಿದ ಯಾವ ತಪ್ಪಿನಿಂದಲೂ ಅಲ್ಲ. ಅತ್ತೆಯವರ ಮೇಲೂ ಬೇಸರ ಬೇಡ. ಮೊಮ್ಮಗುವಿನ ಚಿಂತೆಯಲ್ಲಿ ಆಡಿದ ಮಾತು ಅದು. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಆದರೆ ಅವರ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹೊಸ ಆಂಟಿಬಾಡಿಗಳಿಗೂ ಸೂಜಿಗೂ ಸಂಬಂಧ ಇದೆ. ಸೂಜಿ ಮಾಸನ್ನು ಹಾಯ್ದು ಹೋದರೆ, ಮಗುವಿನ ಕಡೆಯ ರಕ್ತ ಒಂದಿಷ್ಟು ತಾಯಿಯ ಕಡೆ ಜಿನುಗುತ್ತದೆ. ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಇದನ್ನು ತಪ್ಪಿಸುವುದು ಕಷ್ಟ. ಜಿನುಗುವುದು ಒಂದು ಮಿಲಿಲೀಟರಿಗಿಂತ ಕಡಿಮೆ ಇರಬಹುದು, ದೇಹಕ್ಕೆ ಸುಳಿವು ಸಿಗಲು ಅಷ್ಟೇ ಸಾಕು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಇಡೀ ದೇಶದ ಇಂಥ ಬಸುರಿಯರನ್ನು ನೋಡುವ ಕೇಂದ್ರದಲ್ಲಿ, ಹೀಗೆ ಮಗುವಿಗೆ ರಕ್ತ ಕೊಟ್ಟ ತಾಯಂದಿರ ದಾಖಲೆ ತೆಗೆದು ನೋಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೊಸ ಆಂಟಿಬಾಡಿ ಬಂದಿತ್ತು. ಅಂದರೆ ನಿಮಗಾಗಿರುವುದು ಅಪರೂಪವಲ್ಲ. ಯಾರದೋ ಕೈತಪ್ಪಿನಿಂದ ಆಯಿತು ಅಂತಲೂ ಅಲ್ಲ.

ಜಿನುಗಿದ್ದು ಎರಡು ಬಗೆಯ ಕಣ ಆಗಿರಬಹುದು: ಮಗುವಿನ ಸ್ವಂತ ಕಣ ಅಥವಾ ಆಗಷ್ಟೇ ಮಗುವಿಗೆ ಏರಿಸಿದ ದಾನಿಯ ಕಣ. ಇದು ನಿಮ್ಮ ವಿಷಯದಲ್ಲಿ ತುಂಬ ಮುಖ್ಯ. ಎರಡು ಆಂಟಿಬಾಡಿಗಳನ್ನೂ ಒಂದೊಂದಾಗಿ ನೋಡೋಣ.

ಮೊದಲು ಆಂಟಿ-ದೊಡ್ಡ ಸಿ. ಹೊಟ್ಟೆಯೊಳಗಿನ ಮಗುವಿಗೆ ಕೊಡಲು ಸಾಮಾನ್ಯವಾಗಿ ಆರಿಸುವುದು ಓ ನೆಗೆಟಿವ್ ರಕ್ತ. ಅಂಥ ದಾನಿಗಳಲ್ಲಿ ಬಹುತೇಕರಿಗೆ ಡಿ ಮಾತ್ರವಲ್ಲ, ದೊಡ್ಡ ಸಿ ಕೂಡ ಇರುವುದಿಲ್ಲ. ಹಾಗಾದರೆ ನಿಮ್ಮ ದೇಹ ದೊಡ್ಡ ಸಿ ಎಲ್ಲಿ ನೋಡಿತು? ಬಹುಶಃ ಮಗುವಿನ ಸ್ವಂತ ಕಣದಲ್ಲಿ. ಮಗುವಿಗೆ ಆ ಗುರುತು ಅಪ್ಪನಿಂದ, ಡಿ ಜೊತೆಗೇ ಬಂದಿರಬೇಕು. ಇವೆರಡೂ ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತಿವೆ, ಜೋಡಿಯಾಗಿ ಇಳಿದು ಬರುವುದೇ ಹೆಚ್ಚು.

"ಹಾಗಾದರೆ ಈಗ ಮಗುವಿನ ಮೇಲೆ ಎರಡು ಕಡೆಯಿಂದ ದಾಳಿ ಆಯಿತಲ್ಲ" ಅನ್ನಿಸಬಹುದು. ಇಲ್ಲಿ ನಮ್ಮ ಲ್ಯಾಬಿನ ಒಂದು ಗಾಜಿನ ಸ್ಲೈಡ್ ನಿಮಗೆ ತೋರಿಸುವಂತಿದ್ದರೆ ಚೆನ್ನಾಗಿತ್ತು. ರಕ್ತ ಏರಿಸುವ ಮುಂಚೆ ಮಗುವಿನಿಂದ ತೆಗೆದ ಒಂದು ಹನಿಯನ್ನು ಸ್ಲೈಡ್ ಮೇಲೆ ಬಳಿದು, ಆಮ್ಲದಲ್ಲಿ ಅದ್ದಿ, ಬಣ್ಣ ಹಾಕುತ್ತೇವೆ. ಕ್ಲೈಹೌವರ್ ಪರೀಕ್ಷೆ ಎನ್ನುತ್ತಾರೆ. ದೊಡ್ಡವರ ಹಿಮೋಗ್ಲೋಬಿನ್ ಆಮ್ಲದಲ್ಲಿ ತೊಳೆದುಹೋಗುತ್ತದೆ, ಆ ಕಣಗಳು ಬರೀ ನೆರಳಿನಂತೆ ಕಾಣುತ್ತವೆ. ಮಗುವಿನ ಹಿಮೋಗ್ಲೋಬಿನ್ ಉಳಿದುಕೊಳ್ಳುತ್ತದೆ, ಆ ಕಣಗಳು ಗಾಢ ಗುಲಾಬಿ. ಮೊದಲ ಸಲ ರಕ್ತ ಕೊಡುವ ಮುಂಚಿನ ಸ್ಲೈಡ್ ನೋಡಿದರೆ ಪೂರ್ತಿ ಗುಲಾಬಿ. ಎರಡು ಸಲ ಕೊಟ್ಟಾದ ಮೇಲೆ ನೋಡಿದರೆ ನೆರಳು, ನೆರಳು, ನೆರಳು. ಹುಡುಕಿ ಹುಡುಕಿ ಅಲ್ಲೊಂದು ಇಲ್ಲೊಂದು ಗುಲಾಬಿ ಚುಕ್ಕೆ. ಹೊರಗಿನಿಂದ ಸಾಕಷ್ಟು ರಕ್ತ ಸಿಕ್ಕಿದ್ದರಿಂದ ಮಗುವಿನ ಮಜ್ಜೆ ಸ್ವಂತ ಕಣ ಮಾಡುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದೆ.

ಅಂದರೆ ಇವತ್ತು ನಿಮ್ಮ ಮಗುವಿನ ಮೈಯಲ್ಲಿ ಓಡುತ್ತಿರುವುದು ಹೆಚ್ಚುಕಡಿಮೆ ಪೂರ್ತಿ ದಾನಿಗಳ ರಕ್ತ. ಅದರಲ್ಲಿ ಡಿ ಇಲ್ಲ, ದೊಡ್ಡ ಸಿ ಕೂಡ ಬಹುಶಃ ಇಲ್ಲ. ನಿಮ್ಮ ಆಂಟಿ-ಡಿ, ಆಂಟಿ-ದೊಡ್ಡ ಸಿ ಎರಡೂ ಮಾಸು ದಾಟಿ ಹೋಗಲಿ, ಅಂಟಿಕೊಳ್ಳಲು ಅವುಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹಾಗಾಗಿ ಈ ಬಸಿರಿನ ಮಟ್ಟಿಗೆ ಆಂಟಿ-ದೊಡ್ಡ ಸಿ ಬಗ್ಗೆ ನಾನು ನಿದ್ದೆಗೆಡುವುದಿಲ್ಲ. ನೀವೂ ನಿದ್ದೆಗೆಡಬೇಡಿ.

ಆಂಟಿ-ಜೆಕೆಎ ಹಾಗಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಜೆಕೆಎ ಗುರುತು ತುಂಬ ಜನರಲ್ಲಿ ಇರುತ್ತದೆ, ಹೆಚ್ಚಿನ ಕಡೆ ನಾಲ್ವರಲ್ಲಿ ಮೂವರಿಗಾದರೂ ಇರುತ್ತದೆ. ಓ ನೆಗೆಟಿವ್ ದಾನಿಗಳಿಗೂ ಅದೇ ಲೆಕ್ಕ. ಹಿಂದಿನ ಮೂರು ಸಲ ಕೊಟ್ಟ ರಕ್ತದಲ್ಲಿ ಒಂದಾದರೂ ಜೆಕೆಎ ಇರುವಂಥದ್ದು ಆಗಿದ್ದರೆ, ಆ ಕಣಗಳು ಈಗಲೂ ಮಗುವಿನಲ್ಲಿ ಓಡಾಡುತ್ತಿವೆ. ನಿಮ್ಮ ಹೊಸ ಆಂಟಿಬಾಡಿ ಮಾಸು ದಾಟಿದರೆ ಒಡೆಯುವುದು ಅವನ್ನು. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಇಲ್ಲಿ ತಾಯಿಯ ಆಂಟಿಬಾಡಿ ಹುಡುಕುತ್ತಿರುವುದು ಮಗುವಿನ ಕಣವನ್ನಲ್ಲ, ಮಗುವಿನೊಳಗಿರುವ ದಾನಿಯ ಕಣವನ್ನು.

ಸಮಾಧಾನದ ವಿಷಯವೂ ಇದೆ. ಆಂಟಿ-ಜೆಕೆಎ ಹೊಟ್ಟೆಯೊಳಗಿನ ಮಗುವಿಗೆ ಸಾಮಾನ್ಯವಾಗಿ ದೊಡ್ಡ ತೊಂದರೆ ಕೊಡುವುದಿಲ್ಲ, ಆಂಟಿ-ಡಿಯ ಅಬ್ಬರ ಅದಕ್ಕಿಲ್ಲ. ಆದರೂ ರಕ್ತದ ಮಟ್ಟ ಎಣಿಸಿದ್ದಕ್ಕಿಂತ ಬೇಗ ಇಳಿಯಬಹುದು ಎಂಬ ಎಚ್ಚರ ಬೇಕು. ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ: ಹಿಂದಿನ ಮೂವರು ದಾನಿಗಳ ಜೆಕೆಎ ಗುರುತು ನೋಡಲು ಆಗುತ್ತದೆಯೇ? ಬ್ಲಡ್ ಬ್ಯಾಂಕಿನಲ್ಲಿ ದಾನಿಯ ದಾಖಲೆ ಇರುತ್ತದೆ, ಎಷ್ಟೋ ಸಲ ಮತ್ತೆ ಕರೆಸಿ ಪರೀಕ್ಷೆ ಮಾಡಬಹುದು. ಮೂವರಲ್ಲೂ ಆ ಗುರುತು ಇಲ್ಲದಿದ್ದರೆ ಈ ಚಿಂತೆ ಅಲ್ಲಿಗೇ ಮುಗಿಯಿತು.

ಬ್ಲಡ್ ಬ್ಯಾಂಕಿನವರು ಎರಡು ದಿನ ಕೇಳಿದ್ದು ಯಾಕೆ ಅಂತ ಈಗ ನಿಮಗೆ ಹೊಳೆದಿರಬೇಕು. ಅವರು ಓ ನೆಗೆಟಿವ್‌ಗಳ ನಡುವೆ ದೊಡ್ಡ ಸಿ, ಜೆಕೆಎ ಎರಡೂ ಇಲ್ಲದವರನ್ನು ಹುಡುಕುತ್ತಿದ್ದಾರೆ. ಅಷ್ಟೇ ಅಲ್ಲ. ಆ ರಕ್ತ ತೆಗೆದು ಐದು ದಿನ ದಾಟಿರಬಾರದು, ಕೆಲ್ ಗುರುತು ಇರಬಾರದು, ಬಿಳಿ ಕಣ ಸೋಸಿರಬೇಕು, ವಿಕಿರಣ ಹಾಯಿಸಿರಬೇಕು, ಮಗುವಿಗೆ ನೀರಿನಂಶ ಜಾಸ್ತಿ ಹೋಗದ ಹಾಗೆ ಗಟ್ಟಿ ಮಾಡಿರಬೇಕು, ಕೊನೆಗೆ ನಿಮ್ಮ ಪ್ಲಾಸ್ಮಾ (ರಕ್ತದ ದ್ರವಭಾಗ) ಜೊತೆ ಕ್ರಾಸ್‌ಮ್ಯಾಚ್, ಅಂದರೆ ಹೊಂದಾಣಿಕೆ ಪರೀಕ್ಷೆ, ಆಗಬೇಕು. ಪ್ರತಿ ಸಲವೂ ನಿಮ್ಮಿಂದ ಹೊಸದಾಗಿ ರಕ್ತ ತೆಗೆಯುವುದಕ್ಕೂ ಕಾರಣ ಇದೇ. ಮೂರು ದಿನಕ್ಕಿಂತ ಹಳೆಯ ಸ್ಯಾಂಪಲ್ಲನ್ನು ನಾವು ನಂಬುವುದಿಲ್ಲ. ನಿಮ್ಮ ಹೊಸ ಆಂಟಿಬಾಡಿ ಸಿಕ್ಕಿದ್ದು ಆ ಶಿಸ್ತಿನಿಂದಲೇ ಅಲ್ವಾ?

ಇನ್ನು ನಿಮ್ಮ ಯಜಮಾನರು. ಅವರ ಮನಸ್ಸು ದೊಡ್ಡದು, ಆದರೆ ಅವರ ರಕ್ತ ಬೇಡವೇ ಬೇಡ. ನಿಮ್ಮ ದೇಹ ತಿರುಗಿಬಿದ್ದಿರುವುದೇ ಅವರಿಂದ ಮಗುವಿಗೆ ಬಂದ ಗುರುತುಗಳ ಮೇಲೆ. ಅವರ ರಕ್ತ ಕೊಟ್ಟರೆ ಅದೇ ಗುರುತು ಹೊತ್ತ ಕಣಗಳನ್ನು ಮತ್ತೆ ತುಂಬಿದಂತಾಗುತ್ತದೆ. ಅವರು ಬೇರೆ ರೋಗಿಗಳಿಗಾಗಿ ರಕ್ತ ಕೊಡಲಿ, ಆ ಪುಣ್ಯ ಬೇರೆ. ಹೊಂದುವ ದಾನಿ ಎಲ್ಲೂ ಸಿಗದೇ ಹೋದಾಗ, ಅಪರೂಪಕ್ಕೆ, ತಾಯಿಯದೇ ರಕ್ತ ತೆಗೆದು, ಪ್ಲಾಸ್ಮಾ ಪೂರ್ತಿ ತೊಳೆದು, ವಿಕಿರಣ ಹಾಯಿಸಿ ಮಗುವಿಗೆ ಕೊಡುವುದುಂಟು. ತಾಯಿಯ ಕಣದ ಮೇಲೆ ತಾಯಿಯ ಆಂಟಿಬಾಡಿ ಕೆಲಸ ಮಾಡುವುದಿಲ್ಲ. ನಿಮ್ಮ ವಿಷಯದಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಾರದು.

ಈಗ ಮುಖ್ಯ ಪ್ರಶ್ನೆ. ನಾಲ್ಕನೇ ಸಲ ಕೊಡಿಸುವುದೋ, ಈಗಲೇ ಹೆರಿಗೆಯೋ?

ಸಣ್ಣ ಲೆಕ್ಕ ಮಾಡೋಣ. ಹೀಗೆ ರಕ್ತ ಪಡೆದ ಮಗುವಿನ ಹಿಮೋಗ್ಲೋಬಿನ್ ದಿನಕ್ಕೆ ಸುಮಾರು 0.2ರಿಂದ 0.4 ಗ್ರಾಂ ಇಳಿಯುತ್ತದೆ. ಮೊದಲ ಸಲದ ನಂತರ ಬೇಗ, ಆಮೇಲೆ ನಿಧಾನ. 30ನೇ ವಾರದಿಂದ 33ನೇ ವಾರಕ್ಕೆ 21 ದಿನ. ದಿನಕ್ಕೆ 0.3 ಅಂತ ಹಿಡಿದರೂ ಆರು ಗ್ರಾಂ ಇಳಿದಿದೆ. ಅಂದು 14ಕ್ಕೆ ಏರಿಸಿದ್ದರೆ ಇವತ್ತು ಎಂಟರ ಹತ್ತಿರ ಇರಬಹುದು. ಹಾಗಾಗಿ ನಾಲ್ಕನೇ ಸಲಕ್ಕೆ ಸಮಯ ಬಂದಿದೆ. ಮಗುವಿನ ಮಿದುಳಿನ ರಕ್ತನಾಳದಲ್ಲಿ ರಕ್ತದ ವೇಗ ಅಳೆಯುವ ಡಾಪ್ಲರ್ ಪರೀಕ್ಷೆ ಮೊದಲ ಸಲಕ್ಕೆ ತುಂಬ ಚೆನ್ನಾಗಿ ದಾರಿ ತೋರಿಸುತ್ತದೆ. ಎರಡು ಮೂರು ಸಲ ದೊಡ್ಡವರ ರಕ್ತ ಹೋದ ಮೇಲೆ ಅದರ ಮಾತನ್ನು ಅಷ್ಟಾಗಿ ನೆಚ್ಚಿಕೊಳ್ಳಲಾಗದು. "ಡಾಪ್ಲರ್ ಚೆನ್ನಾಗಿದೆ, ಇನ್ನೆರಡು ವಾರ ಬಿಡೋಣ" ಅನ್ನುವುದಕ್ಕೆ, ಅದರಲ್ಲೂ ಆಂಟಿ-ಜೆಕೆಎ ಇರುವಾಗ, ನಾನು ಒಪ್ಪುವುದಿಲ್ಲ. ಈ ಎರಡು ದಿನ ಕಾಯುವುದು ಬೇರೆ ಮಾತು. ಆದರೆ ಆ ಎರಡು ದಿನ ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಈಗಲೇ ಹೆರಿಗೆ ಮಾಡಿಸಿದರೆ ಸೂಜಿಯ ಅಪಾಯ ತಪ್ಪುತ್ತದೆ, ನಿಜ. ಆದರೆ 33 ವಾರದ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ, ಹಾಲು ಕುಡಿಯಲು ಕಲಿಸಬೇಕು, ಕಣ ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ನಿಭಾಯಿಸಲು ಪಿತ್ತಜನಕಾಂಗಕ್ಕೆ ಶಕ್ತಿ ಸಾಲದು. ಕಾಮಾಲೆ ಜೋರಾದರೆ ಇಡೀ ರಕ್ತವನ್ನೇ ಬದಲಿಸಬೇಕಾಗಬಹುದು. ಅದಕ್ಕೂ ಇದೇ ರಕ್ತ, ಡಿ ಇಲ್ಲದ, ದೊಡ್ಡ ಸಿ ಇಲ್ಲದ, ಜೆಕೆಎ ಇಲ್ಲದ ರಕ್ತವೇ ಬೇಕು. ಅಂದರೆ ಹುಡುಕಾಟ ತಪ್ಪುವುದಿಲ್ಲ, ಹುಡುಕಲು ಸಿಗುವ ಸಮಯ ಮಾತ್ರ ಕಡಿಮೆಯಾಗುತ್ತದೆ.

ನಾಲ್ಕನೇ ಸಲ ಕೊಡಿಸುವುದರ ಅಪಾಯವೂ ಹೇಳುತ್ತೇನೆ. ಲೈಡನ್ ಕೇಂದ್ರದ 2001ರ ನಂತರದ ಅಂಕಿಗಳ ಪ್ರಕಾರ ಒಂದು ಸಲ ಸೂಜಿ ಹಾಕಿದರೆ ತೊಡಕಾಗುವ ಸಾಧ್ಯತೆ ಸುಮಾರು 1.2 ಶೇಕಡಾ. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಬದುಕುಳಿದವರು 97 ಶೇಕಡಾ. ತುಂಬ ಅನುಭವ ಇರುವ ಕೈಗಳ ಲೆಕ್ಕ ಇದು, ಎಲ್ಲ ಕಡೆ ಇಷ್ಟೇ ಇರುತ್ತದೆ ಅಂತ ಹೇಳಲಾರೆ. ತೊಡಕು ಅಂದರೆ ಬಳ್ಳಿಯಿಂದ ರಕ್ತ ಸೋರುವುದು, ಮಗುವಿನ ಎದೆಬಡಿತ ಕುಸಿಯುವುದು, ನೀರು ಒಡೆಯುವುದು, ಸೋಂಕು. 33ನೇ ವಾರದಲ್ಲಿ ಅಂಥದ್ದೇನಾದರೂ ಆದರೆ ತಕ್ಷಣ ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆಯಬಹುದು. 25ನೇ ವಾರದಲ್ಲಿ ನಿಮಗೆ ಆ ಅನುಕೂಲ ಇರಲಿಲ್ಲ. ಆಪರೇಷನ್ ಥಿಯೇಟರ್, ಮಕ್ಕಳ ವೈದ್ಯರು ಪಕ್ಕದಲ್ಲೇ ಸಿದ್ಧವಿರುವಾಗ ಮಾಡಿ ಅಂತ ಕೇಳಿಕೊಳ್ಳಿ. ಶ್ವಾಸಕೋಶ ಬಲಿಯುವ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.

ಹೊಂದುವ ರಕ್ತ ಸಿಕ್ಕಿದರೆ ನನ್ನ ಮನಸ್ಸು ನಾಲ್ಕನೇ ಸಲ ಕೊಡಿಸುವ ಕಡೆಗೇ ಇದೆ. ಹಾಗೆ ಮಾಡಿದರೆ 37ನೇ ವಾರದ ಆಸುಪಾಸಿನವರೆಗೆ ಮಗು ಒಳಗೇ ಬೆಳೆಯಬಹುದು. ಈ ನಾಲ್ಕು ವಾರ ತುಂಬ ಬೆಲೆಯದ್ದು. ಇನ್ನೊಂದು ಹೊಸ ಆಂಟಿಬಾಡಿ ಬಂದರೆ? ಬರಬಹುದು. ಸಾಧ್ಯವಾದಷ್ಟು ಮಾಸನ್ನು ಬಿಟ್ಟು ಸೂಜಿ ಹಾಕುವುದು, ಅಥವಾ ಬಳ್ಳಿಯ ಬದಲು ಮಗುವಿನ ಪಿತ್ತಜನಕಾಂಗದೊಳಗಿನ ರಕ್ತನಾಳ ಆರಿಸುವುದು, ಇವು ಜಿನುಗುವುದನ್ನು ಕಡಿಮೆ ಮಾಡುತ್ತವೆ. ಕಿಡ್, ಡಫಿ ಗುರುತುಗಳನ್ನೂ ಹೊಂದಿಸಿದ ರಕ್ತ ಸಿಕ್ಕರೆ ಇನ್ನೂ ಒಳ್ಳೆಯದು. ಆದರೂ ಮಗುವಿನ ಸ್ವಂತ ಕಣ ಜಿನುಗಿದರೆ ದಾನಿಯನ್ನು ಎಷ್ಟು ಹೊಂದಿಸಿದರೂ ಪ್ರಯೋಜನವಿಲ್ಲ, ಪೂರ್ತಿ ತಡೆಯಲು ಆಗದು.

ಆಂಟಿ-ಡಿ ಇಂಜೆಕ್ಷನ್ ಈಗ ಹಾಕಿಸಿಕೊಂಡರೆ ಆಗದೇ ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಆಂಟಿಬಾಡಿ ಹುಟ್ಟುವ ಮುಂಚೆ ತಡೆಯುವ ಮದ್ದು. ಹುಟ್ಟಿದ ಮೇಲೆ ಅಳಿಸುವ ಮದ್ದಲ್ಲ. ನಿಮಗೆ ಇನ್ನು ಅದರಿಂದ ಉಪಯೋಗ ಇಲ್ಲ. ಆದರೆ ಇದನ್ನು ಓದುತ್ತಿರುವ ಬೇರೆ ತಾಯಂದಿರಿಗೆ ಒಂದು ಮಾತು: ನೆಗೆಟಿವ್ ಗುಂಪಿನವರಾಗಿದ್ದು, ಮಗುವಿಗೆ ರಕ್ತ ಕೊಡುತ್ತಿರುವುದು ಆಂಟಿ-ಕೆಲ್‌ನಂಥ ಬೇರೆ ಕಾರಣಕ್ಕಾಗಿದ್ದರೆ, ನಿಮ್ಮಲ್ಲಿ ಆಂಟಿ-ಡಿ ಇನ್ನೂ ಹುಟ್ಟಿಲ್ಲದಿದ್ದರೆ, ಪ್ರತಿ ಸಲವೂ ಆ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಲು ಮರೆಯಬೇಡಿ.

ಹೆರಿಗೆಯ ನಂತರದ ದಿನಗಳ ಬಗ್ಗೆ ನೀವು ಕೇಳಿಲ್ಲ. ನನಗೆ ಹೆಚ್ಚು ಕಾಳಜಿ ಇರುವುದು ಅಲ್ಲೇ. ಮಗು ಹುಟ್ಟಿದ ದಿನ ಗುಲಾಬಿ ಬಣ್ಣದಲ್ಲಿ ಚೆನ್ನಾಗಿರುತ್ತದೆ, ಮೈಯಲ್ಲಿ ದಾನಿಯ ರಕ್ತ ತುಂಬಿರುತ್ತದೆ. ಮನೆಗೆ ಕಳಿಸುತ್ತಾರೆ, ಎಲ್ಲರೂ ನಿರಾಳ. ಆದರೆ ನಿಮ್ಮ ಐಜಿಜಿ ಮಗುವಿನ ರಕ್ತದಲ್ಲಿ ಎರಡು ಮೂರು ತಿಂಗಳು ಉಳಿದಿರುತ್ತದೆ. ದಾನಿಯ ಕಣಗಳು ದಿನ ಕಳೆದಂತೆ ಸವೆಯುತ್ತವೆ, ಮಜ್ಜೆ ಇನ್ನೂ ಎದ್ದಿರುವುದಿಲ್ಲ. ಎದ್ದು ಮೊದಲ ಸ್ವಂತ ಕಣಗಳನ್ನು ಹೊರಬಿಟ್ಟಾಗ, ಡಿ ಮತ್ತು ದೊಡ್ಡ ಸಿ ಹೊತ್ತ ಕಣಗಳು, ನಿಮ್ಮ ಆಂಟಿಬಾಡಿಗಳು ಅವನ್ನು ಹಿಡಿಯುತ್ತವೆ. ಆಂಟಿ-ದೊಡ್ಡ ಸಿ ಲೆಕ್ಕಕ್ಕೆ ಬರುವುದು ಆಗ. ಈ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮೊದಲ ಮೂರು ತಿಂಗಳಲ್ಲಿ ಒಮ್ಮೆಯಾದರೂ ರಕ್ತ ಕೊಡಬೇಕಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ, ಮಜ್ಜೆ ಎದ್ದಿದೆ ಅಂತ ರೆಟಿಕ್ಯುಲೋಸೈಟ್ (ಎಳೆಯ ಕೆಂಪು ಕಣ) ಎಣಿಕೆ ಹೇಳುವವರೆಗೂ. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ಬಿಟ್ಟರೆ, ಬೆವರಿದರೆ, ತುಟಿ ಬಿಳಿಚಿದರೆ ವಾರ ತುಂಬಲಿ ಅಂತ ಕಾಯಬೇಡಿ. ಆಗ ಕೊಡುವ ರಕ್ತವೂ ನಿಮ್ಮ ಸ್ಯಾಂಪಲ್ ಜೊತೆ ಹೊಂದಿಸಿದ್ದು, ವಿಕಿರಣ ಹಾಯಿಸಿದ್ದು ಆಗಿರಬೇಕು. ಇದನ್ನು ಮಕ್ಕಳ ವೈದ್ಯರಿಗೆ ನೀವೇ ನೆನಪಿಸಿ. ಕಬ್ಬಿಣದ ಹನಿಗಳನ್ನು ಸುಮ್ನೆ ಶುರು ಮಾಡಬೇಡಿ, ಪಡೆದ ರಕ್ತದಿಂದಲೇ ಈ ಮಕ್ಕಳ ಮೈಯಲ್ಲಿ ಕಬ್ಬಿಣ ಸಾಕಷ್ಟು ಇರುತ್ತದೆ. ಎದೆಹಾಲು ಧಾರಾಳವಾಗಿ ಕೊಡಿ. ಹಾಲಿನಿಂದ ಈ ತೊಂದರೆ ಹೆಚ್ಚುವುದಿಲ್ಲ.

ಇನ್ನೊಂದು. ಹುಟ್ಟಿದಾಗ ಮಗುವಿನ ರಕ್ತದ ಗುಂಪು ಓ ನೆಗೆಟಿವ್ ಅಂತ ಬಂದರೆ ಗಾಬರಿ ಬೇಡ. ಅದು ದಾನಿಯ ಗುಂಪು. ಒಮ್ಮೆ ಎಬಿ ಪಾಸಿಟಿವ್ ಗುಂಪಿನ ಒಬ್ಬ ತಂದೆ ಈ ರಿಪೋರ್ಟ್ ಹಿಡಿದು ನನ್ನ ಮುಂದೆ ಬಂದು ಕೂತರು. ಎಬಿ ಇರುವವರಿಗೆ ಓ ಮಗು ಹುಟ್ಟುವುದಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಬಾಯಿಬಿಟ್ಟು ಏನೂ ಕೇಳಲಿಲ್ಲ, ಕಾಗದ ಮಾತ್ರ ಮುಂದೆ ಸರಿಸಿದರು. ಬಾಣಂತಿ ಬಾಗಿಲ ಬಳಿ ನಿಂತಿದ್ದರು. ಆ ಹತ್ತು ನಿಮಿಷ ನಾನು ಮರೆತಿಲ್ಲ. ಮಗುವಿನ ನಿಜವಾದ ಗುಂಪು ಕೆಲವು ತಿಂಗಳ ನಂತರ ತಾನಾಗಿಯೇ ಕಾಣಿಸುತ್ತದೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಇದನ್ನು ಮೊದಲೇ ಹೇಳಿಟ್ಟುಬಿಡಿ. ಅದೇ ಕಾರಣಕ್ಕೆ, ನವಜಾತ ಶಿಶುವಿನ ರಕ್ತದ ಕೆಲವು ತಪಾಸಣೆಗಳೂ ದಾನಿಯ ರಕ್ತದ ಉತ್ತರ ಕೊಡಬಹುದು. ಯಾವುದನ್ನು ಮತ್ತೆ ಮಾಡಿಸಬೇಕು ಎಂದು ಕೇಳಿಕೊಳ್ಳಿ.

ಮುಂದೆ ಇನ್ನೊಂದು ಮಗು ಬೇಕೆನಿಸಿದರೆ, ಬಸಿರಾಗುವ ಮುಂಚೆಯೇ ಗಂಡನ ರಕ್ತದ ಗುರುತುಗಳ ಪೂರ್ತಿ ಪರೀಕ್ಷೆ ಮಾಡಿಸಿ. ಡಿ ಅವರಿಗೆ ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿದ್ದರೆ ಪ್ರತಿ ಮಗುವಿಗೂ ಬರುತ್ತದೆ, ಒಬ್ಬರಿಂದ ಮಾತ್ರ ಬಂದಿದ್ದರೆ ಅರ್ಧಕ್ಕರ್ಧ ಅವಕಾಶ. ಡಿ ತಪ್ಪಿಸಿಕೊಂಡ ಮಗು ದೊಡ್ಡ ಸಿಯಿಂದಲೂ ತಪ್ಪಿಸಿಕೊಳ್ಳುವುದೇ ಹೆಚ್ಚು. ಜೆಕೆಎ ಬೇರೆ ವರ್ಣತಂತುವಿನದು, ಅದಕ್ಕೆ ಬೇರೆ ಲೆಕ್ಕ. ಗಂಡನಿಗೆ ಜೆಕೆಎ ಇಲ್ಲವೇ ಇಲ್ಲ ಅಂತ ತಿಳಿದರೆ, ಅದು ದಾನಿಯಿಂದ ಬಂದದ್ದು, ಮುಂದಿನ ಯಾವ ಮಗುವಿಗೂ ಅದರಿಂದ ತೊಂದರೆಯಿಲ್ಲ. ಬಸಿರಾದ ಮೇಲೆ ನಿಮ್ಮ ರಕ್ತದಲ್ಲೇ ತೇಲುವ ಮಗುವಿನ ಡಿಎನ್‌ಎ ನೋಡಿ ಅದಕ್ಕೆ ಡಿ ಇದೆಯೇ ಎಂದು ಸೂಜಿ ಇಲ್ಲದೆ ತಿಳಿಯಬಹುದು. ಇದ್ದರೆ ತೊಂದರೆ ಈ ಸಲಕ್ಕಿಂತ ಬೇಗ ಶುರುವಾಗಬಹುದು, ಹಾಗಾಗಿ 16ನೇ ವಾರದಿಂದಲೇ ಡಾಪ್ಲರ್ ಬೇಕು. ಮೊದಲ ತಿಂಗಳುಗಳಲ್ಲೇ ತಾಯಿಗೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಐಜಿಜಿ) ಡ್ರಿಪ್ ಕೊಟ್ಟು ರಕ್ತಹೀನತೆಯನ್ನು ಒಂದಿಷ್ಟು ಮುಂದೂಡುವುದು ಕೆಲವು ಕಡೆ ರೂಢಿಯಲ್ಲಿದೆ, ಬೆಲೆ ದುಬಾರಿ. ಐಜಿಜಿ ಮಾಸು ದಾಟುವುದನ್ನೇ ತಡೆಯುವ ನಿಪೋಕ್ಯಾಲಿಮ್ಯಾಬ್ ಎಂಬ ಔಷಧಿಯ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ತೀವ್ರ ತೊಂದರೆಯ ಅಪಾಯವಿದ್ದ 13 ಬಸುರಿಯರಲ್ಲಿ ಏಳು ಮಂದಿ ಮಗುವಿಗೆ ಹೊಟ್ಟೆಯೊಳಗೆ ರಕ್ತ ಕೊಡದೆಯೇ 32ನೇ ವಾರ ದಾಟಿ ಹೆತ್ತರು. ಸಣ್ಣ ಪ್ರಯೋಗ, ಆದರೆ ನನಗೆ ಅದು ತುಂಬ ಆಸೆ ಹುಟ್ಟಿಸಿದೆ.

ಕೊನೆಗೆ ನಿಮ್ಮ ವಿಷಯ. ನಿಮಗೇ ರಕ್ತ ಬೇಕಾದರೆ ಸಿಗುತ್ತದೆ, ಆದರೆ ಹುಡುಕಲು ಸಮಯ ಬೇಕು. ಹೆರಿಗೆಗೆ ಹೋಗುವ ಮುಂಚೆಯೇ ನಿಮಗಾಗಿ ಎರಡು ಯೂನಿಟ್ ಹೊಂದಿಸಿ ಇಡಲು ಹೇಳಿ. ಅದಕ್ಕಿಂತ ದೊಡ್ಡ ಅಪಾಯ ವರ್ಷಗಳ ನಂತರದ್ದು. ಕಿಡ್ ಆಂಟಿಬಾಡಿಗಳಿಗೆ ಒಂದು ಕೆಟ್ಟ ಚಾಳಿ ಇದೆ, ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಅಡಗಿಕೊಳ್ಳುತ್ತವೆ. ದೇಹ ಮಾತ್ರ ಮರೆತಿರುವುದಿಲ್ಲ. ನಾನು ನೋಡಿದ ಒಬ್ಬ ತಾಯಿ ಹೆರಿಗೆಯಾಗಿ ಎಷ್ಟೋ ವರ್ಷದ ಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡರು. ಹಳೆಯ ಕಾಗದ ಯಾವುದೂ ಕೈಯಲ್ಲಿರಲಿಲ್ಲ. ಆಂಟಿಬಾಡಿ ಪರೀಕ್ಷೆ ನೆಗೆಟಿವ್ ಬಂತು, ಎರಡು ಯೂನಿಟ್ ಕೊಟ್ಟರು. ಎಂಟನೇ ದಿನ ಕಣ್ಣು ಹಳದಿ, ಮೂತ್ರ ಡಿಕಾಕ್ಷನ್ ಬಣ್ಣ. ಕೊಟ್ಟ ರಕ್ತವೆಲ್ಲ ಒಡೆದುಹೋಗಿತ್ತು. ಪುಣ್ಯಕ್ಕೆ ಚೇತರಿಸಿಕೊಂಡರು.

ಆದ್ದರಿಂದ ಬ್ಲಡ್ ಬ್ಯಾಂಕಿನಿಂದ ಆಂಟಿಬಾಡಿ ಕಾರ್ಡ್ ಬರೆಸಿಕೊಳ್ಳಿ. ನಿಮ್ಮ ಗುಂಪು, ಆಂಟಿ-ಡಿ, ಆಂಟಿ-ದೊಡ್ಡ ಸಿ, ಆಂಟಿ-ಜೆಕೆಎ, ಕಂಡ ತಾರೀಕು, ಎಲ್ಲ ಅದರಲ್ಲಿರಲಿ. ಅದರ ಫೋಟೋ ನಿಮ್ಮ ಫೋನಿನಲ್ಲಿ ಒಂದು, ಗಂಡನ ಫೋನಿನಲ್ಲಿ ಒಂದು ಇರಲಿ. ಹೆರಿಗೆಯಾದ ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಆಗ ಹೊಸದು ಸಿಕ್ಕಿದರೆ ಕಾರ್ಡಿಗೆ ಸೇರಿಸಿ. ಹಳೆಯದು ಕಾಣದೇ ಹೋದರೆ ಅದನ್ನು ಹೊಡೆದುಹಾಕಲು ಬಿಡಬೇಡಿ.